ಖಿತಾನರ ತಮ್ಮ, ನನ್ನ ತಮ್ಮ

ನನ್ನ ತಮ್ಮ ಕುರಿ ಹಿಂಡು ಹೊಡೆದುಕೊಂಡು ಹೋದ ಸುದ್ದಿ ಬಂದಾಗ ನಾನು ಕುಷ್ಟಗಿಯ ನನ್ನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಖಿತಾನರಿಗೆ ಶಾಪ ಹಾಕುತ್ತಿದ್ದೆ. ಖಿತಾನರು ಯಾರು ಎಂದು ಕೇಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೇ ಆ ಬೇಸಿಗೆಯ ತನಕ ಅವರ ಬಗ್ಗೆ ಎರಡು ಸಾಲಿಗಿಂತ ಹೆಚ್ಚು ಗೊತ್ತಿರಲಿಲ್ಲ. ಚೀನಾದ ಉತ್ತರದ ಹುಲ್ಲುಗಾವಲಲ್ಲಿ ಕುರಿ, ಕುದುರೆ, ಒಂಟೆ ಮೇಯಿಸಿಕೊಂಡಿದ್ದ ಜನ. ಲಿಯಾವ್ ಎಂಬ ದೊಡ್ಡ ರಾಜ್ಯ ಕಟ್ಟಿ ಇನ್ನೂರು ವರ್ಷ ಮೆರೆದರು. ಆಮೇಲೆ ಪಕ್ಕದ ಜುರ್ಚೆನ್ನರು ಬಂದು ಅವರನ್ನು ಕೆಳಗಿಳಿಸಿ ಆಳುಗಳನ್ನಾಗಿ ಮಾಡಿಕೊಂಡರು. ನನಗೆ ಗೊತ್ತಿದ್ದದ್ದು ಇಷ್ಟೇ.

ದೂರ ಶಿಕ್ಷಣದ ಹುಡುಗರಿಗಾಗಿ ಒಂದು ಪಠ್ಯ ತಯಾರಾಗುತ್ತಿತ್ತು. ಒಳ್ಳೊಳ್ಳೆ ಪಾಠಗಳನ್ನೆಲ್ಲ ಕಾಯಂ ನೌಕರಿಯವರು ಹಂಚಿಕೊಂಡ ಮೇಲೆ ಅತಿಥಿ ಉಪನ್ಯಾಸಕಿಯಾದ ನನ್ನ ಪಾಲಿಗೆ ಉಳಿದದ್ದು ಉತ್ತರ ಏಷ್ಯಾದ ಅಲ್ಪಾಯುಷಿ ರಾಜ್ಯಗಳು. ಅತಿಥಿ ಎಂದು ಹೆಸರಿಟ್ಟು ಕೊನೆಯ ಪಂಕ್ತಿಯಲ್ಲಿ ಕೂಡಿಸಿ ಊಟ ಹಾಕುವ ನೌಕರಿ ನಮ್ಮದು. ಆ ರಾಜ್ಯಗಳಲ್ಲಿ ಒಂದು, ಖಿತಾನರ ಒಳಗೇ ಮುನಿದು ಹೊರಗೆ ಬಂದವರು ಕಟ್ಟಿದ ರಾಜ್ಯ. ಹುಟ್ಟಿದ್ದು, ಸತ್ತದ್ದು ಎಲ್ಲ ಮೂರು ಮಳೆಗಾಲದೊಳಗೆ ಮುಗಿದುಹೋಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಬ್ರೇಕ್‌ಅವೇ ಎಂದು ಬರೆದಿದ್ದರು. ಇದನ್ನು ಕನ್ನಡದಲ್ಲಿ ಏನನ್ನಲಿ? ಸಿಡಿದು ಹೋದ ರಾಜವಂಶ ಅಂದರೆ ಪಟಾಕಿಯ ಹಾಗೆ ಕೇಳುತ್ತಿತ್ತು. ಪ್ರತ್ಯೇಕಗೊಂಡ ಅಂದರೆ ಯಾವುದೋ ಕಚೇರಿಯ ಆದೇಶದ ಹಾಗೆ. ಬೆಳಗಿನಿಂದ ಅದೊಂದೇ ಪದಕ್ಕೆ ತಲೆ ಕೆಡಿಸಿಕೊಂಡು ಕೂತಿದ್ದೆ, ಅಷ್ಟರಲ್ಲಿ ನನ್ನ ಅಣ್ಣನ ಫೋನು ಬಂತು.

"ನಿನ್ನ ತಮ್ಮ ಹಟ್ಟಿ ಬಾಯಿ ತೆಗದು ಎಲ್ಲಾ ಕುರಿ ಹೊಡಕೊಂಡು ಹೋಗ್ಯಾನ. ಕಳ್ಳ ಅದಾನ ಅಂವ. ನಾ ಸ್ಟೇಷನ್ನಿಗೆ ಹೊಂಟೀನಿ. ನೀ ಓದಿದಾಕಿ, ಬಂದು ಅರ್ಜಿ ಬರಕೊಡು."

ತಮ್ಮ ಒಳ್ಳೆಯದು ಮಾಡಿದರೆ ಅಣ್ಣನ ಬಾಯಲ್ಲಿ ಅವನು 'ನಮ್ಮ ತಮ್ಮ'. ಕೆಟ್ಟದು ಮಾಡಿದರೆ 'ನಿನ್ನ ತಮ್ಮ'. ಚಿಕ್ಕಂದಿನಿಂದಲೂ ಹೀಗೇ. ಆದರೆ 'ಕಳ್ಳ' ಎಂಬ ಮಾತು ಅವತ್ತೇ ಮೊದಲು ಕೇಳಿದ್ದು. "ಯಣ್ಣಾ, ನಿನಗ ಕೈ ಮುಗೀತೀನಿ, ನಾ ಬರೂತನಕ ಸ್ಟೇಷನ್ ಕಡೆ ಹೋಗಬ್ಯಾಡ" ಎಂದು ಹೇಳಿ ಸಿಕ್ಕ ಬಸ್ಸು ಹತ್ತಿದೆ.

ನಮ್ಮೂರು ತಳಕಲ್ಲಿನ ಹತ್ತಿರ. ಅಪ್ಪ ಕುರಿ ಕಾಯ್ದವನು, ಅವನಪ್ಪನೂ ಕುರಿ ಕಾಯ್ದವನು. ಅಪ್ಪ ಹೋದ ಮೇಲೆ ಹಿಂಡು ಇಬ್ಬರು ಗಂಡುಮಕ್ಕಳ ಕೈಗೆ ಒಟ್ಟಿಗೇ ಬಂತು. ಅಣ್ಣ ನಾಲ್ಕು ವರ್ಷದ ಹಿಂದೆ ಕೊಪ್ಪಳದ ಹೆದ್ದಾರಿ ಬದಿಯ ಒಂದು ಕಾರ್ಖಾನೆಯಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿಕೊಂಡ. ಖಾಕಿ ಅಂಗಿ, ಖಾಕಿ ಪ್ಯಾಂಟು, ತಲೆಗೆ ಟೊಪ್ಪಿಗೆ. ಮೊದಲ ದಿನ ಆ ವೇಷದಲ್ಲಿ ಮನೆಗೆ ಬಂದಾಗ ನಮ್ಮ ನಾಯಿಯೇ ಅವನನ್ನು ಬೊಗಳಿತ್ತು. ತಮ್ಮ ಮಾತ್ರ ಹಿಂಡು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮದುವೆಯೂ ಆಗಲಿಲ್ಲ. ಕುರಿ ಕಾಯುವವನಿಗೆ ಈಗ ಯಾರೂ ಹೆಣ್ಣು ಕೊಡುವುದಿಲ್ಲ. ಕೊಡುತ್ತೇವೆ ಎಂದು ಬಂದವರನ್ನು ಅವನೇ ಒಪ್ಪಲಿಲ್ಲ, ಕುರಿ ಬಿಡಬೇಕು ಎಂದು ಕರಾರು ಹಾಕಿದರು ಅಂತ.

ಅಣ್ಣ ಕೆಟ್ಟವನಲ್ಲ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಮೇವು ಸಿಗುವ ಗೋಮಾಳವೆಲ್ಲ ತಂತಿಬೇಲಿ ಕಂಡಿತ್ತು, ಗುಡ್ಡದ ಮೇಲೆ ಗಾಳಿಯಂತ್ರ ಬಂದಿದ್ದವು. ಇನ್ನು ಈ ಕಸುಬು ನಡೆಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಹಿಂಡನ್ನು ಇಡಿಯಾಗಿ ಒಬ್ಬ ವ್ಯಾಪಾರಿಗೆ ಮಾರಿ, ತಮ್ಮನನ್ನೂ ಅದೇ ಕಾರ್ಖಾನೆಗೆ ಸೇರಿಸುವುದು ಅವನ ಲೆಕ್ಕ. ಗುತ್ತಿಗೆದಾರನ ಹತ್ತಿರ ಮಾತನ್ನೂ ಆಡಿದ್ದ. ತಮ್ಮ ಅಂದದ್ದು ಒಂದೇ ಮಾತು: "ನನ್ನ ಪಾಲಿನವು ಬಿಟ್ಟು ಮಾರು." ಅಣ್ಣ ಅದನ್ನು ಹುಡುಗಾಟದ ಮಾತು ಎಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ವ್ಯಾಪಾರಿಯನ್ನು ಕಾಣಲು ಕುಕನೂರಿಗೆ ಹೋದ. ಅವನು ಹೋದ ಹಿಂದೆಯೇ ನಮ್ಮ ದೊಡ್ಡಪ್ಪನ ಮಕ್ಕಳಿಬ್ಬರು ಬಂದು ತಮ್ಮನ ಕಿವಿ ಊದಿದರು: ವ್ಯಾಪಾರ ಮುಗಿದೇ ಹೋಗಿದೆ, ಲಾರಿ ಬರುತ್ತಿದೆ. ಅವರ ಕುರಿಗಳೂ ನಮ್ಮ ಹಟ್ಟಿಯಲ್ಲೇ ಇರುತ್ತಿದ್ದವು. ಲಾರಿ ಸುದ್ದಿ ಸುಳ್ಳು. ಆದರೆ ತಮ್ಮ ಮುಳ್ಳು ಸರಿಸಿ ಹಟ್ಟಿಯ ಬಾಯಿ ತೆಗೆದುಬಿಟ್ಟ, ಅವರಿಬ್ಬರೂ ಅವನ ಜೊತೆ ಹೊರಟರು.

ಇಲ್ಲೇ ಇದೆ ಎಲ್ಲ ಅನಾಹುತದ ಬೇರು. ನಮ್ಮ ಮನೆತನದಲ್ಲಿ ಅಣ್ಣತಮ್ಮಂದಿರು ಬ್ಯಾರೆ ಆಗುವುದು ದೊಡ್ಡ ತಪ್ಪೇನಲ್ಲ, ಆದರೆ ಅದಕ್ಕೊಂದು ಪದ್ಧತಿ ಇದೆ. ಹಿರಿಯವನು ನಾಲ್ಕು ಮಂದಿಯ ಮುಂದೆ ತನ್ನ ಕೈಯಿಂದಲೇ ಹಟ್ಟಿಯ ಬಾಯಿ ತೆಗೆಯಬೇಕು. ಕಿರಿಯವನ ಪಾಲಿನ ಕುರಿಗಳನ್ನು ಹೊರಗೆ ಬಿಟ್ಟು 'ಬ್ಯಾರೆ ಆತು, ಛಲೋ ಆಗ್ಲಿ' ಅನ್ನಬೇಕು. ಆ ಮಾತು ಹಿರಿಯವನ ಬಾಯಿಂದ ಬಂದರೆ ಕಿರಿಯವನು ಮರ್ಯಾದೆಯಿಂದ ಬ್ಯಾರೆ ಆದವನು. ಅವನ ಹಿಂಡಿಗೆ ಬಳಗದ ಎಲ್ಲ ಹೊಲದಲ್ಲೂ ಜಾಗ, ಎಲ್ಲ ಬಾವಿಯಲ್ಲೂ ನೀರು. ತಾನೇ ಬಾಯಿ ತೆಗೆದುಕೊಂಡು ಹೋದರೆ ಅದು ಕಳವು. ಅಂಥವನ ಹಿಂಡನ್ನು ಕುಷ್ಟಗಿ, ಯಲಬುರ್ಗಾ ಸೀಮೆಯ ನಮ್ಮ ಜನ ತಮ್ಮ ಬದುವಿನ ಮೇಲೂ ನಿಲ್ಲಗೊಡುವುದಿಲ್ಲ.

ಬಸ್ಸಿನಲ್ಲಿ ಕೂತು ಇದನ್ನೆಲ್ಲ ಯೋಚಿಸುವಾಗಲೇ ಆ ಹಾಳು ಪದ ಸಿಕ್ಕಿತು. ಬ್ಯಾರೆ ಆದ ರಾಜವಂಶ. ನಗು ಬರಲಿಲ್ಲ. ಯಾಕೆಂದರೆ ಖಿತಾನರ ಕಥೆಯೂ ಹೆಚ್ಚುಕಡಿಮೆ ಹೀಗೇ ಇತ್ತು. ಮಂಗೋಲರು ಎದ್ದು ಜುರ್ಚೆನ್ನರ ಮೇಲೆ ಬಿದ್ದಾಗ ಒಬ್ಬ ಖಿತಾನ ನಾಯಕ ತನ್ನ ಜನರನ್ನು ಕಟ್ಟಿಕೊಂಡು ಮಂಗೋಲ ದೊರೆಗೆ ಶರಣಾದ. ಅವನ ಜನ, ನೀನು ಚಕ್ರವರ್ತಿ ಆಗು ಅಂದರು. ಬೇಡ ಎಂದ. ಶರಣಾಗಿದ್ದರೆ ಮಕ್ಕಳುಮರಿ ಬದುಕುತ್ತವೆ ಎಂಬ ಲೆಕ್ಕ ಅವನದು. ಕಾಣಿಕೆ ಹೊತ್ತು ದೊರೆಯನ್ನು ಕಾಣಲು ಹೋದ. ಇತ್ತ ಹಿಂದೆ ಉಳಿದವರು ಅವನು ಸತ್ತ ಎಂದು ಸುದ್ದಿ ಹಬ್ಬಿಸಿ, ಇನ್ನೊಬ್ಬನನ್ನು ಚಕ್ರವರ್ತಿ ಮಾಡಿ ಬ್ಯಾರೆ ಆಗಿಬಿಟ್ಟರು. ಆ ಇನ್ನೊಬ್ಬ ಅವನ ತಮ್ಮನೇ ಅಂತ ಒಂದು ಕಡೆ ಬರೆದಿದೆ. ಆ ತಮ್ಮ ಮೂರು ತಿಂಗಳೂ ಬಾಳಲಿಲ್ಲ. ಅವನ ಕೈಕೆಳಗಿನವರೇ ಅವನನ್ನು ಮುಗಿಸಿದರು.

ಊರಲ್ಲಿ ಅಣ್ಣ ಮನೆಯ ಕಟ್ಟೆಯ ಮೇಲೆ ಖಾಕಿ ತೊಟ್ಟೇ ಕೂತಿದ್ದ. ಕಣ್ಣು ಕೆಂಪಗಾಗಿದ್ದವು. "ನಾ ಸತ್ತಿದ್ನೇನು? ನಾ ಬರೂತನಕ ತಡೀಲಿಕ್ಕೆ ಆಗಲಿಲ್ಲೇನು ಅವಂಗ?" ಎಂದ. ಸಿಟ್ಟಿಗಿಂತ ಅವನಿಗೆ ನೋವೇ ಹೆಚ್ಚಾಗಿತ್ತು, ವ್ಯಾಪಾರಿಯ ಮುಂದೆ ಮರ್ಯಾದೆ ಹೋಗಿತ್ತು. ಅವ್ವ ಒಳಗಿಂದಲೇ, "ಬ್ಯಾರೆ ಅಂದುಬಿಡಪ್ಪ. ಒಂದು ಮಾತು. ನಿನ್ನ ಗಂಟೇನು ಹೋಗ್ತೈತಿ" ಅಂದಳು. ಅಣ್ಣ ಎದ್ದು ಬೀದಿಗೆ ಇಳಿದ. ಅರ್ಜಿಯನ್ನು ನಾನು ಬರೆದುಕೊಡಲಿಲ್ಲ. ಬೇರೆಯವರ ಹತ್ತಿರ ಬರೆಸಲು ಅವನಿಗೂ ನಾಚಿಕೆ ಇತ್ತು. ಹಾಗಾಗಿ ಸ್ಟೇಷನ್ನಿನ ಮಾತು ಅಲ್ಲಿಗೇ ನಿಂತಿತು. ಆದರೆ 'ಆ ಕಳ್ಳ ಈ ಕಡೆ ಕಾಲಿಟ್ಟರೆ ಮಾತ್ರ ಪೊಲೀಸರನ್ನ ಕರಕೊಂಡು ಬರ್ತೀನಿ' ಎಂದು ಅವನು ಊರ ತುಂಬ ಹೇಳಿಕೊಂಡು ತಿರುಗಿದ. ಆ ಮಾತು ನೂರು ಬಾಯಿ ಹಾದು ತಮ್ಮನಿಗೆ ಮುಟ್ಟಿತು.

ತಮ್ಮ ಕೊಪ್ಪಳ ದಾಟಿ ಗಂಗಾವತಿಯ ಕಾಲುವೆ ಸೀಮೆಗೆ ಇಳಿದಿದ್ದ. ಬೇಸಿಗೆಯ ಭತ್ತ ಕೊಯ್ದ ಮೇಲೆ ಅಲ್ಲಿನ ಗದ್ದೆಗಳಲ್ಲಿ ಕುರಿ ಕೂಡಿಸಿಕೊಳ್ಳುವುದು ಹಳೆಯ ರೂಢಿ. ಗದ್ದೆಗೆ ಗೊಬ್ಬರ, ಕುರಿಗೆ ಕೊಯ್ದು ಉಳಿದ ಕೂಳೆ. ಆದರೆ ಅದಕ್ಕೊಂದು ಗಡುವು ಉಂಟು. ಮಳೆ ಹಿಡಿದು ಕಾಲುವೆಗೆ ನೀರು ಬಿಟ್ಟರೆ ಗದ್ದೆಯೆಲ್ಲ ಕೆಸರು. ಕುರಿಗೆ ಕೆಸರು ಅಂದರೆ ಯಮ. ಗೊರಸು ಕೊಳೆಯುತ್ತದೆ, ನಾಲಿಗೆ ನೀಲಿಯಾಗುತ್ತದೆ. ಅಷ್ಟರೊಳಗೆ ಹಿಂಡು ಒಣ ಸೀಮೆಗೆ ಹತ್ತಿಬಿಡಬೇಕು. ಒಣ ಸೀಮೆ ಅಂದರೆ ನಮ್ಮ ಕಡೆ, ತಳಕಲ್ಲು, ಕುಕನೂರು, ಕುಷ್ಟಗಿ. ಅಣ್ಣ 'ಬ್ಯಾರೆ' ಅನ್ನದೆ ತಮ್ಮ ಅಲ್ಲಿಗೆ ಹತ್ತುವಂತಿಲ್ಲ. ಕಾಲುವೆಗೆ ನೀರು ಬರುವುದರೊಳಗೆ ಅಣ್ಣನ ಬಾಯಿಂದ ಆ ಒಂದು ಮಾತು ಬರಬೇಕಿತ್ತು, ಅಷ್ಟೇ. ಆ ಬೇಸಿಗೆ ಪೂರ್ತಿ ನಾನು ಉಸಿರಾಡಿದ್ದು ಅದೊಂದಕ್ಕಾಗಿ.

ಮೊದಲ ಸಲ ಹುಡುಕಿಕೊಂಡು ಹೋದಾಗ ಬಸ್ಸಿನ ತುಂಬ ಹನುಮನಹಳ್ಳಿಯ ಬೆಟ್ಟಕ್ಕೆ ಹೊರಟ ಹನುಮನ ಭಕ್ತರಿದ್ದರು. ನಿಲ್ಲಲೂ ಜಾಗವಿಲ್ಲ. ಗಂಗಾವತಿಯಿಂದ ಆಚೆ, ಆಂಧ್ರದಿಂದ ಬಂದು ನೆಲೆಸಿದ ರೈತರ ಒಂದು ಕ್ಯಾಂಪಿನ ಗದ್ದೆಯಲ್ಲಿ ತಮ್ಮ ಸಿಕ್ಕ. ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ರಾಜನ ಹಾಗೆ ಕೂತಿದ್ದ. ದೊಡ್ಡಪ್ಪನ ಮಕ್ಕಳಿಬ್ಬರು ಅಡಿಗೆ ಮಾಡುತ್ತಿದ್ದರು. ಕುರಿಗಳು ಮೈತುಂಬಿಕೊಂಡಿದ್ದವು. ಬೈಯಬೇಕೆಂದು ಹೋದವಳು ಅವನ ಮುಖ ನೋಡಿ ಅದೇ ಕಂಬಳಿಯ ಮೇಲೆ ಕೂತುಬಿಟ್ಟೆ. ಅಷ್ಟು ಖುಷಿಯಾಗಿ ಅವನನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

"ಏನ್ ಬರ್ಯಾಕ ಹತ್ತೀಯಕ್ಕಾ ಈಗ?" ಎಂದು ಕೇಳಿದ. ನಾನು ಬರೆಯುವುದೆಲ್ಲ ಅವನಿಗೆ ಕಥೆ. ಖಿತಾನರ ವಿಷಯ ಹೇಳಿದೆ. ಅಣ್ಣ ಶರಣಾದದ್ದು, ತಮ್ಮ ಬ್ಯಾರೆ ಆದದ್ದು, ಹೆಂಡಿರು ಮಕ್ಕಳು ದನಕರು ಸಮೇತ ಹೊಳೆ ದಾಟಿ ಕೊರಿಯಾ ಸೀಮೆಗೆ ನುಗ್ಗಿದ್ದು. ಮೂವರೂ ಕೈಯಲ್ಲಿನ ಕೆಲಸ ಬಿಟ್ಟು ಕೇಳಿದರು.

"ಅವರ ಅಣ್ಣ ಏನಂದ?"

"ಕಳ್ಳರು ಅಂದ."

"ಎಲ್ಲಾ ಅಣ್ಣಗೋಳು ಒಂದ ಸಾಲ್ಯಾಗ ಕಲತಾರ ಬಿಡು" ಎಂದು ತಮ್ಮ ನಕ್ಕ. ನಾನೂ ನಕ್ಕೆ. ಆಮೇಲೆ ಮೆಲ್ಲಗೆ ಕೇಳಿದ, "ಅಣ್ಣ ಬ್ಯಾರೆ ಅಂತಾನೇನಕ್ಕಾ? ಅವನ ಪಾಲಿನವು ಒಂದೂ ಮಾರಿಲ್ಲ ನಾ. ಅವ್ವನ ಕುರಿ ಬ್ಯಾರೆ ಬಣ್ಣ ಹಚ್ಚಿ ಇಟ್ಟೀನಿ ನೋಡು." ನೋಡಿದೆ. ಅವ್ವನ ಕುರಿಗಳ ಬೆನ್ನಿಗೆ ಕೆಂಪು, ಅಣ್ಣನವಕ್ಕೆ ಹಸಿರು. ತನ್ನವಕ್ಕೆ ಏನೂ ಹಚ್ಚಿರಲಿಲ್ಲ. "ಅಂತಾನ, ನಾ ಹೇಳ್ತೀನಿ" ಎಂದು ಬಂದೆ. ಕಥೆಯ ಮುಂದಿನ ಭಾಗವನ್ನು ಅವನೂ ಕೇಳಲಿಲ್ಲ, ನನಗೂ ಹೇಳುವ ಮನಸ್ಸಾಗಲಿಲ್ಲ.

ಅಣ್ಣನಿಗೆ ಎಲ್ಲ ಹೇಳಿದೆ, ಹಸಿರು ಬಣ್ಣದ ವಿಷಯವನ್ನೂ. ಅವನ ಮುಖ ಸ್ವಲ್ಪ ಸಡಿಲವಾದ ಹಾಗೆ ಕಂಡಿತು. ಮರುಕ್ಷಣವೇ, "ಹಂಗಾರ ಬಂದು ನನ್ನ ಮುಂದ ನಿಂದ್ರು ಅನ್ನು. ಹಿಂಡು ಹಟ್ಟಿಯೊಳಗ ಹಾಕ್ಲಿ. ಆಮ್ಯಾಲೆ ನಾ ತೆಗೀತೀನಿ" ಅಂದ. ಮಾತು ಸರಿಯಾಗಿಯೇ ಇತ್ತು. ಫೋನಿನಲ್ಲಿ ತಮ್ಮನಿಗೆ ಹೇಳಿದರೆ, "ಹಟ್ಟಿಯೊಳಗ ಹಾಕಿದ ಮ್ಯಾಲೆ ಲಾರಿ ತರಿಸಿದ್ರ? ಮೊದಲು ಬ್ಯಾರೆ ಅನ್ನು ಅಂತ ಹೇಳು" ಅಂದ. ಅದೂ ಸರಿಯೇ. ಇಬ್ಬರ ನಡುವೆ ಓಡಾಡಿ ನನ್ನ ಚಪ್ಪಲಿ ಸವೆಯಿತು, ಅವರ ಹಟ ಮಾತ್ರ ಹಾಗೇ ಇತ್ತು. ಇಬ್ಬರಿಗೂ ಕಪಾಳಕ್ಕೆ ಬಾರಿಸುವ ಹಕ್ಕು ನನಗೆ ಯಾಕಿಲ್ಲ ಎಂದು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ.

ಇತ್ತ ಪಾಠ ಪರಿಶೀಲಿಸುವವರಿಂದಲೂ ಫೋನು ಬಂತು. "ಮೇಡಂ, ಇವರನ್ನ ರಾಜವಂಶ ಅಂತ ಯಾಕೆ ಕರೀತೀರಿ? ಕೊರಿಯಾದ ಕಡೆಯವರು ಕಳ್ಳರು ಅಂತಲೇ ಬರೆದಿದ್ದಾರೆ. 'ದರೋಡೆ ಗುಂಪು' ಅಂತ ತಿದ್ದಿಬಿಡಿ, ಚಿಕ್ಕದಾಗತ್ತೆ" ಎಂದರು. ನನಗೆ ಎಲ್ಲಿತ್ತೋ ಆ ಸಿಟ್ಟು. "ಯಾರ ಮನಿ ಬಾಗಲಾ ಯಾರು ತೆಗದ್ರು ಅಂತ ನೋಡಿ ಕಳ್ಳರು ಅಂತೀರೇನ್ರಿ? ಅವರ ಹಿರೇರು ಕಟ್ಟಿದ ರಾಜ್ಯಾರಿ ಅದು. ಅವರಿಗೆ ಅದರಾಗ ಪಾಲಿಲ್ಲೇನು?" ಎಂದು ಒದರಿಬಿಟ್ಟೆ. ಅವರು ಗಾಬರಿಯಾಗಿ, ಆಮೇಲೆ ಮಾತಾಡೋಣ ಎಂದು ಫೋನು ಇಟ್ಟರು. ಮುಂದೆ ಅವರೇ ತಿದ್ದಿಕೊಂಡರು. ಅಚ್ಚಾದ ಪಾಠದಲ್ಲಿ ಈಗಲೂ ದರೋಡೆ ಗುಂಪು ಎಂದೇ ಇದೆ.

ಮಳೆ ಆ ವರ್ಷ ಬೇಗ ಹಿಡಿಯಿತು. ಆಣೆಕಟ್ಟು ತುಂಬುತ್ತಿದೆ ಎಂದು ಊರವರೆಲ್ಲ ಖುಷಿಯಾಗಿದ್ದರೆ ನಾನು ದಿನಾ ಪೇಪರಿನಲ್ಲಿ ಕಾಲುವೆಗೆ ನೀರು ಬಿಡುವ ತಾರೀಕು ಹುಡುಕುತ್ತಿದ್ದೆ. ಮೊದಲು ದೊಡ್ಡಪ್ಪನ ದೊಡ್ಡ ಮಗ ತನ್ನ ಕುರಿಗಳನ್ನು, ಜೊತೆಗೆ ತಮ್ಮನ ಕೆಲವು ಗಟ್ಟಿ ಟಗರುಗಳನ್ನು ಹೊಡೆದುಕೊಂಡು ಹೊರಟುಹೋದ. ತಮ್ಮ ನಿದ್ದೆ ಮಾಡಿ ಏಳುವಷ್ಟರಲ್ಲಿ ಕುರಿಗಳ ಸುತ್ತ ಕಟ್ಟಿದ್ದ ಬಲೆ ಬಿಚ್ಚಿತ್ತಂತೆ. ಹತ್ತು ದಿನಕ್ಕೆ ಚಿಕ್ಕವನು, ತನಗೆ ಅನ್ಯಾಯವಾಯಿತು ಎಂದು ತಮ್ಮನ ಮೇಲೆ ಕೈಮಾಡಿ, ಇನ್ನೊಂದಿಷ್ಟು ಎಳೆದುಕೊಂಡು ಹೋದ. ಖಿತಾನರಲ್ಲೂ ಹೀಗೇ ಆಗಿತ್ತು. ತಮ್ಮನನ್ನು ಕೊಂದ ಮೇಲೆ ಒಬ್ಬ, ಅವನನ್ನು ಕೊಂದು ಮತ್ತೊಬ್ಬ, ಅವನನ್ನು ಕೊಂದು ಇನ್ನೊಬ್ಬ. ಒಮ್ಮೆ ಬ್ಯಾರೆ ಆಗುವುದು ರೂಢಿಯಾದರೆ ಅದು ನಿಲ್ಲುವುದಿಲ್ಲ. ಪಾಠ ಬರೆಯುತ್ತಿದ್ದ ನನಗೆ ಮುಂದಿನ ಪುಟ ತಿರುಗಿಸಲೂ ಹೆದರಿಕೆ ಆಗುತ್ತಿತ್ತು.

ಎರಡನೇ ಸಲ ಹೋದಾಗ ತಮ್ಮ ಒಬ್ಬನೇ ಇದ್ದ. ಕ್ಯಾಂಪಿನ ಒಬ್ಬ ರೈತ, ಪಾಪ, ಮುಚ್ಚಿದ ರೈಸ್‌ಮಿಲ್ಲಿನ ಅಂಗಳ ಬಿಟ್ಟುಕೊಟ್ಟಿದ್ದ. ಸುತ್ತ ಗೋಡೆ, ಸಿಮೆಂಟಿನ ನೆಲ, ಒಂದು ಕಬ್ಬಿಣದ ಗೇಟು. ಕೆಸರಿನಲ್ಲಿ ಇದೊಂದೇ ಒಣ ಜಾಗ. "ಇಕ್ಕಡ ಎಷ್ಟು ದಿನ ಇಡ್ತಾನಮ್ಮಾ? ನೀಳ್ಳು ಬಿಟ್ಟರೆ ನಮ್ಮ ಕೆಲಸ ಸುರು ಆಗ್ತದೆ" ಎಂದು ಆ ರೈತ ನನ್ನನ್ನೇ ಕೇಳಿದ. ಒಳಗೆ ಕುರಿಗಳು ಮೂಗು ಸುರಿಸಿಕೊಂಡು, ತುಟಿ ಊದಿಸಿಕೊಂಡು ನಿಂತಿದ್ದವು. ಗೋಡೆ ಬದಿಗೆ ಸತ್ತವನ್ನು ಗೋಣಿಚೀಲ ಹೊದಿಸಿ ಇಟ್ಟಿದ್ದ. ಪಶು ಆಸ್ಪತ್ರೆಯ ಡಾಕ್ಟರು ಬಂದು ಸೂಜಿ ಹಾಕಿ, ಮೊದಲು ಒಣ ಸೀಮೆಗೆ ಕರೆದುಕೊಂಡು ಹೋಗು ಮಾರಾಯ ಅಂದಿದ್ದರು. ತಮ್ಮನ ಗಡ್ಡ ಬೆಳೆದಿತ್ತು. ಕಣ್ಣು ಒಳಗೆ ಹೋಗಿದ್ದವು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಸಾಕು, ಎದ್ದು ನಿಂತು ಗೋಡೆಯ ಮೇಲಿಂದ ಇಣುಕುತ್ತಿದ್ದ.

"ಅಣ್ಣ ಪೊಲೀಸರನ್ನ ಕರಕೊಂಡು ಬರ್ತಾನಂತ. ಹೌದೇನಕ್ಕಾ?"

"ಇಲ್ಲೋ ತಮ್ಮಾ. ಸಿಟ್ಟಿಗೆ ಅಂದಾನ ಅಷ್ಟ."

"ನನ್ನ ಜೇಲಿಗೆ ಹಾಕಿದ್ರ ಹಾಕ್ಲಿ. ಇವಕ್ಕ ನೀರು ಕುಡಿಸವ್ರು ಯಾರು?" ಎಂದು ಅತ್ತ. ನನ್ನ ಕೈ ಹಿಡಿದುಕೊಂಡು ಮಕ್ಕಳ ಹಾಗೆ ಅತ್ತ. ಅದನ್ನು ನೋಡಿ ನನಗಾದ ನೋವನ್ನು ಬರೆದು ತೋರಿಸಲು ಆಗುವುದಿಲ್ಲ.

ಅಲ್ಲಿಂದ ಸೀದಾ ಅಣ್ಣನ ಕಾರ್ಖಾನೆಗೆ ಹೋದೆ. ಲಾರಿಗಳ ಧೂಳಿನ ನಡುವೆ, ಗೇಟಿನ ಮುಂದೆ ಸೀಟಿ ಹಿಡಿದು ನಿಂತಿದ್ದ. ನಾನು ಬೇಡಲೂ ಇಲ್ಲ, ಬೈಯಲೂ ಇಲ್ಲ. ಮೊಬೈಲಿನಲ್ಲಿ ತೆಗೆದುಕೊಂಡು ಬಂದಿದ್ದ ಒಂದು ಫೋಟೋ ತೋರಿಸಿದೆ. ನೆಲಕ್ಕೆ ಒರಗಿ, ನಾಲಿಗೆ ಹೊರಚಾಚಿ ಮಲಗಿದ್ದ ಒಂದು ಕುರಿ. ಬೆನ್ನ ಮೇಲೆ ಹಸಿರು ಬಣ್ಣ. ಅಣ್ಣ ಅದನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಇದರ ಅವ್ವನ್ನ ಅಪ್ಪ ಮುಧೋಳದ ಸಂತ್ಯಾಗಿಂದ ಹೆಗಲ ಮ್ಯಾಲೆ ಹೊತಗೊಂಡು ಬಂದಿದ್ದ" ಎಂದ. ಸೀಟಿಯನ್ನು ಜೊತೆಗಾರನ ಕೈಗೆ ಕೊಟ್ಟ. "ನಡಿ. ಬ್ಯಾರೆ ಅಂತೀನಿ. ಎಲ್ಲಾರ ಮುಂದ ಅಂತೀನಿ. ಗಾಡಿ ಮಾಡಿಕೊಂಡು ಇವತ್ತ ಊರಿಗೆ ಹತ್ತಿಸೂನು."

ನನಗೆ ಅಳು, ನಗು ಎರಡೂ ಬಂತು. ಒಂದು ದೊಡ್ಡ ಟೆಂಪೊ ಗೊತ್ತುಮಾಡಿದೆವು. ಸಾಕ್ಷಿಗೆ ಇರಲಿ ಎಂದು ಅಣ್ಣನ ಜೊತೆಯ ಕೆಲಸದವರಿಬ್ಬರು ಹಿಂದೆ ಹತ್ತಿಕೊಂಡರು. ದಾರಿಯಲ್ಲಿ ಅವ್ವನಿಗೆ ಫೋನು ಮಾಡಿ ಅಣ್ಣ ಹೊರಟಿದ್ದಾನೆ ಅಂದೆ. ತಮ್ಮನಿಗೆ ಎಷ್ಟು ಸಲ ಮಾಡಿದರೂ ಹತ್ತಲಿಲ್ಲ. ಮಳೆಯಲ್ಲಿ ಅವನ ಫೋನು ಕೆಟ್ಟಿತ್ತೆಂದು ಆಮೇಲೆ ತಿಳಿಯಿತು. ಗಂಗಾವತಿ ದಾಟಿದ ಮೇಲೆ ಕಾಲುವೆ ಕಂಡಿತು. ನೀರು ಬಿಟ್ಟಿದ್ದರು. ಎರಡೂ ದಂಡೆ ತುಂಬಿ, ಕೆಂಪಗೆ, ಕಸಕಡ್ಡಿ ಹೊತ್ತು ಓಡುತ್ತಿತ್ತು. ನನಗೆ ಖಿತಾನರ ಕೊನೆಯ ಪುಟ ನೆನಪಾಯಿತು. ಅವರೆಲ್ಲ ಒಂದು ಕೋಟೆಯೊಳಗೆ ಸಿಕ್ಕಿಬಿದ್ದಾಗ, ಹೊರಗೆ ಮುತ್ತಿದ ದಂಡಿನ ಜೊತೆ ಆ ಅಣ್ಣನೂ ಬಂದಿದ್ದ. ಅವನು ಬರುವ ಹೊತ್ತಿಗೆ ಕೋಟೆಯೊಳಗೆ ಅವನ ತಮ್ಮ ಎಂಬುವನೇ ಇರಲಿಲ್ಲ. ಅದನ್ನು ತಲೆಯಿಂದ ತೆಗೆದುಹಾಕಿ, ನನ್ನ ತಮ್ಮ ಇದ್ದಾನೆ, ಇದ್ದಾನೆ ಎಂದು ಹೇಳಿಕೊಂಡೆ.

ರೈಸ್‌ಮಿಲ್ಲಿನ ಹತ್ತಿರ ಕೆಸರಿಗೆ ಟೆಂಪೊ ಹೋಗಲಿಲ್ಲ. ಇಳಿದು ನಡೆದೆವು. ಅಣ್ಣನಿಗೆ ತಡೆಯಲಾಗಲಿಲ್ಲ, ಮುಂದೆ ಮುಂದೆ ದಾಪುಗಾಲು ಹಾಕಿದ. ಅವನ ಹಿಂದೆ ಜೊತೆಗಾರರಿಬ್ಬರು. ನಾನು ಸೀರೆ ಎತ್ತಿಕೊಂಡು ಏಳುತ್ತ ಬೀಳುತ್ತ ಹಿಂದೆ. ಗೋಡೆಯ ಮೇಲೆ ತಮ್ಮನ ತಲೆ ಕಂಡಿತು. ಕೈ ಬೀಸಿದೆ. ಅವನು ನನ್ನನ್ನು ನೋಡಲಿಲ್ಲ. ಅವನು ನೋಡಿದ್ದು ಮೂರು ಖಾಕಿ ಅಂಗಿ, ಮೂರು ಟೊಪ್ಪಿಗೆ.

ತಲೆ ಮಾಯವಾಯಿತು. ನಾನು "ತಮ್ಮಾ, ಅಣ್ಣನೋ" ಎಂದು ಕೂಗಿದೆ. ಅಣ್ಣನೂ ಕೂಗಿದ. ಆ ಗಾಳಿಗೆ ನಮ್ಮ ಕೂಗು ಅವನಿಗೆ ಹೇಗೆ ಕೇಳಿತೋ ಏನೋ. ಕಬ್ಬಿಣದ ಗೇಟು ದಡಾರನೆ ತೆಗೆದ ಸದ್ದು ಬಂತು. ತಮ್ಮ ಹಿಂಡನ್ನು ಹೊರಗೆ ಹೊಡೆದ. ಮೂರು ಕಡೆ ಕೆಸರು ಗದ್ದೆ, ಒಂದು ಕಡೆ ಮಾತ್ರ ಗಟ್ಟಿ ನೆಲ, ಕಾಲುವೆಯ ದಂಡೆ. ಮುಂದಿನ ಟಗರು ದಂಡೆ ಹತ್ತಿತು. ಒದ್ದೆ ಮಣ್ಣು ಕುಸಿದು ನೀರಿಗೆ ಬಿತ್ತು. ಒಂದು ಹೋದ ದಾರಿಯಲ್ಲೇ ಉಳಿದವು ಹೋಗುತ್ತವೆ, ಕುರಿಗೆ ಗೊತ್ತಿರುವುದು ಅಷ್ಟೇ. ಒಂದರ ಹಿಂದೆ ಒಂದು ಹಾರಿದವು. ತಮ್ಮ ಅಡ್ಡ ಬಿದ್ದು ತಡೆಯಲು ನೋಡಿದ. ಅವನ ಮೈಮೇಲಿಂದಲೇ ಹಾರಿದವು.

ಅಣ್ಣ ಟೊಪ್ಪಿಗೆ ಎಸೆದು ಬೂಟು ಸಮೇತ ನೀರಿಗೆ ಬಿದ್ದ. ತಮ್ಮನೂ ಬಿದ್ದ. ಇಬ್ಬರೂ ಕೈಗೆ ಸಿಕ್ಕಿದ್ದನ್ನು ಹಿಡಿದು ದಂಡೆಗೆ ಎಸೆದರು, ಮೇಲಿದ್ದ ನಾವು ಎಳೆದುಕೊಂಡೆವು. ಕ್ಯಾಂಪಿನವರು 'ಅಯ್ಯಯ್ಯೋ' ಎನ್ನುತ್ತ ಹಗ್ಗ ತಂದರು. ಉಬ್ಬಿದ ತುಪ್ಪಟ ನೀರು ಕುಡಿದು ಕಲ್ಲಿನಷ್ಟು ಭಾರ. ಬಹಳಷ್ಟು ಸೇತುವೆಯ ಕೆಳಗೆ ಹೋಗಿ ಕಾಣದಾದವು. ಇಬ್ಬರನ್ನೂ ಹಗ್ಗ ಹಾಕಿ ಮೇಲೆ ಎಳೆದಾಗ ದಂಡೆಯ ಮೇಲೆ ಏಳೆಂಟು ಕುರಿ ಬಿದ್ದಿದ್ದವು. ಬಣ್ಣವೆಲ್ಲ ತೊಳೆದುಹೋಗಿತ್ತು. ಯಾವುದು ಯಾರದು ಎಂದು ಹೇಳುವಂತಿರಲಿಲ್ಲ. ನಾವು ನೋಡುತ್ತಿದ್ದ ಹಾಗೆಯೇ ಅವುಗಳಲ್ಲೂ ಒಂದೆರಡು ಕಾಲು ಸೆಟೆದು ಸತ್ತವು.

ಅಣ್ಣ ಕೆಮ್ಮುತ್ತ, ನೀರು ಉಗುಳುತ್ತ ತಮ್ಮನ ಭುಜ ಹಿಡಿದುಕೊಂಡ. "ಬ್ಯಾ..." ಎಂದು ಬಾಯಿ ತೆಗೆದ. ತಮ್ಮ ಅವನ ಬಾಯಿಯ ಮೇಲೆ ತನ್ನ ಒದ್ದೆ ಕೈ ಇಟ್ಟ.

"ಬ್ಯಾಡಣ್ಣಾ. ಬ್ಯಾರೆ ಆಗಾಕ ಏನರ ಇರಬೇಕಲ್ಲ" ಎಂದ. ಅವನ ದನಿಯಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ. ಅಣ್ಣ ಆ ಕೈಯನ್ನು ಹಾಗೇ ತನ್ನ ಮುಖಕ್ಕೆ ಒತ್ತಿಕೊಂಡು ಹೋ ಎಂದು ಅತ್ತ. ಅಪ್ಪ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ.

ನಾನು ಕೆಸರಲ್ಲೇ ಕೂತಿದ್ದೆ. ಬ್ಲೌಸಿನೊಳಗಿದ್ದ ಫೋನು ಬಡಿದುಕೊಳ್ಳತೊಡಗಿತು. ಅವ್ವ. ಎತ್ತದೆ ಇರಲು ಆಗಲಿಲ್ಲ.

"ಅಂದ್ನೇನ ನಿಮ್ಮಣ್ಣ? ಬ್ಯಾರೆ ಅಂದ್ನೇನು?"

"ಅಂದ, ಯವ್ವಾ."

ಅವ್ವ ದನಿಯಲ್ಲಿ ಸಂಭ್ರಮ ತುಂಬಿಕೊಂಡು ಹೇಳಿದಳು, "ನನಗ ಗೊತ್ತಿತ್ತು ಬಿಡು. ಲಗೂನ ಹೊಡಕೊಂಡು ಬರ್ರಿ ಮತ್ತ. ನೀ ಫೋನ್ ಮಾಡಿದಾಗಿಂದ ನಾ ಹಟ್ಟಿ ಕಸಾ ತೆಗದೀನಿ. ಎಲ್ಲಾ ಕುರಿ ಹಿಡಸ್ತಾವು."